ಲೈಟು ಉರೀತಿದೆ, ಫೋಟೋ ಬರ್ತಿಲ್ಲ

ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಬಂಗಾರಪೇಟೆಯಿಂದ ಅಪ್ಪನ ಫೋನು. "ಏನೋ, ಆ ನಿನ್ನ ಡಬ್ಬಿ ಲೈಟೇನೋ ಉರೀತಿದೆ, ಆದ್ರೆ ತಾತನ ಫೋಟೋ ಒಂದೂ ಬರ್ತಿಲ್ಲ ಕಣೋ. ಮಧ್ಯಾಹ್ನ ಕರೆಂಟು ಹೋಗಿ ಬಂತು, ಆಮೇಲಿಂದ ಹಿಂಗೆ."

ಡಬ್ಬಿ ಅಂದ್ರೆ ನ್ಯಾಸ್. ರೂಟರ್‌ಗೆ ಸಿಕ್ಕಿಸಿಟ್ಟ, ಎರಡು ಹಾರ್ಡ್ ಡಿಸ್ಕ್ ಇರುವ ಸ್ಟೋರೇಜ್ ಸರ್ವರ್. ನಮ್ಮ ಮನೆಯ ನ್ಯಾಸ್‌ನಲ್ಲಿ ಸಿನಿಮಾ ಇದೆ, ಮದುವೆ ವಿಡಿಯೋ ಇದೆ, ಜೊತೆಗೆ 'ನಂದಿದುರ್ಗ' ಅನ್ನೋ ಹೆಸರಿನ ಒಂದು ಫೋಲ್ಡರ್ ಇದೆ. ಹೆಸರು ನೋಡಿ ಭಾನುವಾರ ಬೆಳಗಿನ ಜಾವ ಬೈಕಲ್ಲಿ ಹೋಗುವ ನಂದಿ ಬೆಟ್ಟ ಅಂದ್ಕೋಬೇಡಿ. ಇದು ಕೋಲಾರದ ಚಿನ್ನದ ಗಣಿಗಳಲ್ಲಿ ಒಂದರ ಹೆಸರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ಬಾಲಘಾಟ್, ನಂದಿದುರ್ಗ, ಹೀಗೆ ಒಂದೊಂದು ಗಣಿಗೂ ಒಂದೊಂದು ಕಂಪನಿ, ಎಲ್ಲದರ ಮೇಲೂ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಸಂಸ್ಥೆಯ ಮೇಲ್ವಿಚಾರಣೆ. ನಮ್ಮ ತಾತ ನಂದಿದುರ್ಗ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಶಿಫ್ಟಿಗೆ ಇಳಿಯುವವರ, ಹತ್ತಿ ಬರುವವರ ಹಾಜರಿ ಬರೆಯೋದು ಅವರ ಕೆಲಸ. ಅವರ ಟ್ರಂಕಿನಲ್ಲಿ ಸಿಕ್ಕ ಫೋಟೋ, ಕಾಗದಪತ್ರ ಎಲ್ಲಾ ಸ್ಕ್ಯಾನ್ ಮಾಡಿ ಆ ಫೋಲ್ಡರ್‌ಗೆ ಹಾಕಿದ್ದೆ. ಬೇರೆ ಕಡೆ ಕಾಪಿ? ಇರಲಿಲ್ಲ. "ನಾಳೆ ಮಾಡೋಣ" ಅಂತಲೇ ಎರಡು ವರ್ಷ ಕಳೆದಿತ್ತು.

ಭಾನುವಾರ ಬೆಳಗ್ಗೆ ರೈಲು ಹತ್ತಿದೆ. ಬೆಂಗಳೂರಿಂದ ಆ ಕಡೆ ಹೋಗುವ ರೈಲು ಅವತ್ತು ಖಾಲಿ. ವಾರದ ದಿನ ಬೆಳಗ್ಗೆ ಎದುರಿನಿಂದ ಬರುವ ರೈಲುಗಳನ್ನ ನೋಡಬೇಕು, ಕಾಲಿಡೋಕೂ ಜಾಗ ಇರಲ್ಲ. ಅದರ ಮಾತಿಗೆ ಆಮೇಲೆ ಬರ್ತೀನಿ.

ನೆಟ್‌ವರ್ಕ್ ಕೆಟ್ಟಾಗ ಹುಡುಕೋದಕ್ಕೆ ಒಂದು ಕ್ರಮ ಇದೆ. ಮೊದಲು ಯಂತ್ರಕ್ಕೆ ಜೀವ ಇದೆಯಾ ನೋಡು. ಆಮೇಲೆ ದಾರಿ ಇದೆಯಾ ನೋಡು. ಆಮೇಲೆ ಆ ಕಡೆಯವರು ನಿನ್ನನ್ನ ಗುರುತು ಹಿಡೀತಾರಾ ನೋಡು. ಕೊನೆಗೆ, ಉಗ್ರಾಣದಲ್ಲಿ ಸಾಮಾನು ನಿಜವಾಗಲೂ ಇದೆಯಾ ನೋಡು. ಅವತ್ತು ರೈಲಿನಲ್ಲಿ ಕೂತು ಇದನ್ನೇ ಯೋಚಿಸ್ತಾ ಇದ್ದಾಗ ಅನ್ನಿಸಿದ್ದು: ಕೆಜಿಎಫ್‌ನ ಇತಿಹಾಸಾನೂ ಇದೇ ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದಲ್ಲ!

ಮೊದಲನೆಯದು, ಜೀವ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಜಿಎಫ್ ಪೂರ್ತಿ ನಡೀತಿದ್ದದ್ದು ಹಬೆಯಲ್ಲಿ. ಬಾಕ್ಸಿನಂಥ ಕೇಜನ್ನು ಪಾತಾಳಕ್ಕೆ ಇಳಿಸಿ ಎತ್ತೋಕೆ, ಒಳಗಿನ ನೀರು ಹೊರಗೆ ಹಾಕೋಕೆ, ಗಾಳಿ ಒತ್ತೋಕೆ, ಅದಿರು ಕುಟ್ಟೋಕೆ, ಎಲ್ಲಕ್ಕೂ ಬಾಯ್ಲರ್ ಬೇಕು. ಬಾಯ್ಲರ್‌ಗೆ ದೂರದಿಂದ ತರಿಸಿದ ಕಲ್ಲಿದ್ದಲು, ಇಲ್ಲಾ ಸೌದೆ. ಗಣಿ ಆಳವಾದಷ್ಟೂ ಖರ್ಚು ಏರ್ತಾ ಹೋಯಿತು. ಅತ್ತ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕ್ತಾ ಇತ್ತು. ಆ ನೀರಿನಿಂದ ಕರೆಂಟು ತೆಗೆದು ಗಣಿಗೆ ಮಾರೋಣ ಅನ್ನೋ ಯೋಜನೆ ಮೈಸೂರು ಸಂಸ್ಥಾನದ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಅದನ್ನು ಕಟ್ಟಿ ನಿಲ್ಲಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್. ಜನರೇಟರ್ ಮತ್ತು ಲೈನಿನ ಸಾಮಾನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ. ಮದ್ದೂರಿನಲ್ಲಿ ರೈಲಿಳಿದ ಆ ಭಾರಿ ಯಂತ್ರಗಳು ಅಲ್ಲಿಂದಾಚೆ ಹೋಗಿದ್ದು ಎತ್ತು, ಆನೆಗಳ ಬಲದಿಂದ.

ಒಂದೊಂದೂ 720 ಕಿಲೋವ್ಯಾಟಿನ ಆರು ಜನರೇಟರು, ಒಟ್ಟು 4,320 ಕಿಲೋವ್ಯಾಟು. ಇವತ್ತು ಒಂದು ದೊಡ್ಡ ಟೆಕ್ ಪಾರ್ಕಿನ ಬೇಸ್‌ಮೆಂಟಿನಲ್ಲಿರುವ ಡೀಸೆಲ್ ಜನರೇಟರುಗಳು ಸೇರಿದರೆ ಅಷ್ಟಾಗಬಹುದು. 1902ರ ಜೂನ್ 30ರಂದು ಆ ಕರೆಂಟು ಕೆಜಿಎಫ್ ತಲುಪಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ಆದಮೇಲೆ, 1905ರ ಆಗಸ್ಟ್ 5ಕ್ಕೆ.

ಎರಡನೆಯದು, ದಾರಿ. ಶಿವನಸಮುದ್ರದಿಂದ ಕೆಜಿಎಫ್‌ಗೆ 147 ಕಿಲೋಮೀಟರು. ಆಗ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಇಷ್ಟು ದೂರ ಕರೆಂಟು ಹೇಗೆ ಕಳಿಸೋದು ಅನ್ನೋದೇ ಅವತ್ತಿನ ದೊಡ್ಡ ಪ್ರಶ್ನೆ. ತಂತಿಯಲ್ಲಿ ಕರೆಂಟು ಹರಿದಾಗ ಒಂದಷ್ಟು ಶಾಖವಾಗಿ ಪೋಲಾಗುತ್ತೆ. ಪೋಲಾಗೋದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದಕ್ಕೆ ಮದ್ದು ಏನಂದ್ರೆ ವೋಲ್ಟೇಜ್ ಏರಿಸೋದು. ಜನರೇಟರು ಕೊಡ್ತಿದ್ದ ಎರಡು ಸಾವಿರ ಚಿಲ್ಲರೆ ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಹಾಕಿ 30-35 ಸಾವಿರಕ್ಕೆ ಏರಿಸಿದರು. ವೋಲ್ಟೇಜು ಹದಿನೈದು ಪಟ್ಟು ಏರಿದರೆ ಅದೇ ಶಕ್ತಿಗೆ ಬೇಕಾದ ಕರೆಂಟು ಹದಿನೈದನೇ ಒಂದು ಭಾಗ, ನಷ್ಟ 225ನೇ ಒಂದು ಭಾಗ. ಗಣಿ ಹತ್ತಿರ ಮತ್ತೆ ಟ್ರಾನ್ಸ್‌ಫಾರ್ಮರ್ ಹಾಕಿ ಇಳಿಸಿಕೊಂಡರು.

ಲೈನು ಉದ್ದ ಆದಷ್ಟೂ ಕೆಡುವ ಜಾಗಗಳೂ ಜಾಸ್ತಿ. ಗಣಿಯಲ್ಲಿ ಕರೆಂಟು ನಿಂತರೆ ಅದು ಬರೀ ಲೈಟು ಹೋದಂತಲ್ಲ. ಪಂಪು ನಿಂತರೆ ಕೆಳಗೆ ನೀರು ಏರುತ್ತೆ. ತಪ್ಪು ಶಿವನಸಮುದ್ರದ್ದೋ, ನಡುವಿನ ತಂತಿಯದೋ, ಗಣಿಯ ಸ್ವಿಚ್ಚಿನದೋ ಅಂತ ಬೇಗ ಗೊತ್ತಾಗಬೇಕು. ಉದ್ದವನ್ನು ಅರ್ಧ ಮಾಡು, ಯಾವ ಅರ್ಧ ಸರಿ ಇದೆ ನೋಡು, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡು. ಲೈನ್‌ಮ್ಯಾನಿಗೂ ಇದೇ ದಾರಿ, ಸಿಸ್ಟಂ ಅಡ್ಮಿನ್‌ಗೂ ಇದೇ ದಾರಿ.

ಮನೆ ತಲುಪಿ ನಾನೂ ಅದನ್ನೇ ಮಾಡಿದೆ. ಡಬ್ಬಿಯ ಲೈಟು ಉರೀತಿತ್ತು, ಕೇಬಲ್ ಹತ್ತಿರದ ಹಸಿರು ಲೈಟೂ ಮಿಟುಕುತ್ತಿತ್ತು. ಅಂದರೆ ಜೀವ ಇದೆ, ತಂತಿ ಇದೆ. ಹಳೇ ವಿಳಾಸಕ್ಕೆ ಪಿಂಗ್ ಮಾಡಿದೆ, ಉತ್ತರ ಇಲ್ಲ. ರೂಟರಿನ ಒಳಗೆ ಹೋಗಿ ಯಾರ್ಯಾರಿಗೆ ಯಾವ ವಿಳಾಸ ಕೊಟ್ಟಿದೆ ಅಂತ ಪಟ್ಟಿ ನೋಡಿದೆ. ಸಿಕ್ಕಿಬಿತ್ತು. ಕರೆಂಟು ಹೋಗಿ ಬಂದಾಗ ರೂಟರು ನ್ಯಾಸ್‌ಗೆ ಬೇರೆ ಐಪಿ ವಿಳಾಸ ಕೊಟ್ಟಿತ್ತು. ಅಪ್ಪನ ಲ್ಯಾಪ್‌ಟಾಪ್‌ನ ಶಾರ್ಟ್‌ಕಟ್ ಇನ್ನೂ ಹಳೇ ಮನೆ ಬಾಗಿಲು ತಟ್ಟುತ್ತಿತ್ತು. ನ್ಯಾಸ್‌ಗೆ ಇನ್ಮೇಲೆ ಇದೇ ವಿಳಾಸ ಕಾಯಂ ಅಂತ ರೂಟರಿನಲ್ಲಿ ಬರೆದಿಟ್ಟೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಬಿಡಿ.

ಈಗ ಬಾಗಿಲು ಸಿಕ್ಕಿತು. ಆದರೆ ತೆಗೀಲಿಲ್ಲ. ಪಾಸ್‌ವರ್ಡ್ ತಪ್ಪು ಅಂತು.

ಇದು ಮೂರನೇ ಪ್ರಶ್ನೆ, ಗುರುತು. ಕೆಜಿಎಫ್‌ನಲ್ಲಿ ಇದು ಯಾವಾಗಲೂ ಬಿಸಿ ಬಿಸಿ ವಿಷಯ. ಚಿನ್ನ ಅಂದಮೇಲೆ ಕಳ್ಳತನದ ಭಯ. ಆ ಭಯದಿಂದ 1897ರಲ್ಲೇ ಮೈಸೂರು ಗಣಿ ರೆಗ್ಯುಲೇಷನ್ ಬಂದಿತ್ತು. ಗಣಿಗೆ ಯಾರು ಬಂದರು, ಯಾರು ಹೋದರು, ಯಾರ ಹತ್ತಿರ ಏನಿದೆ ಅನ್ನೋದರ ಮೇಲೆ ಕಂಪನಿಗೂ ಪೊಲೀಸರಿಗೂ ಕಣ್ಣು. 1930ರ ಏಪ್ರಿಲ್‌ನಲ್ಲಿ ಕಾರ್ಮಿಕರನ್ನು ಬೆರಳಚ್ಚು ತಗೊಂಡು ನೋಂದಾಯಿಸೋ ಹೊಸ ಪದ್ಧತಿ ಬಂದಾಗ ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಮ್ಮದು ಯಾಕೆ ಅನ್ನೋದು ಅವರ ಸಿಟ್ಟು. ಅವರಲ್ಲಿ ಬಹುತೇಕರು ಮದರಾಸು ಪ್ರಾಂತ್ಯದ ಹಳ್ಳಿಗಳಿಂದ ಬಂದ ದಲಿತ ಕುಟುಂಬದವರು, ಭೂಮಿಯ ಕೆಳಗೆ ಜೀವ ಪಣಕ್ಕಿಟ್ಟು ದುಡೀತಿದ್ದವರು. ಬಂಡೆ ಸಿಡಿದರೆ ಯಾವ ಬೆರಳಚ್ಚೂ ಅವರನ್ನ ಕಾಯ್ತಿರಲಿಲ್ಲ.

ಇವತ್ತು ನಾವು ಆಫೀಸಿನ ಗೇಟಲ್ಲಿ ದಿನಾ ಬೆರಳು ಒತ್ತಿ ಒಳಗೆ ಹೋಗ್ತೀವಿ, ಏನೂ ಅನ್ಸಲ್ಲ. ಅದೇ ಬೆರಳಿಗಾಗಿ ಒಂದು ಊರಿಗೆ ಊರೇ ಸಂಬಳ ಬಿಟ್ಟು ವಾರಗಟ್ಟಲೆ ಕೂತಿತ್ತು. ಯಂತ್ರಕ್ಕೆ ಗುರುತು ಅಂದರೆ ಇದೆ ಅಥವಾ ಇಲ್ಲ, ಅಷ್ಟೇ. ಮನುಷ್ಯನಿಗೆ ಅದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇರುತ್ತೆ. ತಾತ ಟೈಮ್ ಆಫೀಸು ಸೇರಿದ್ದು ಇದೆಲ್ಲ ಆಗಿ ಬಹಳ ವರ್ಷಗಳ ಮೇಲೆ. ಆದರೂ ಕಿಟಕಿಯ ಈ ಕಡೆ ಕೂತವರ ಮೊಮ್ಮಗ ನಾನು, ಆ ಕಡೆ ಸಾಲಲ್ಲಿ ನಿಂತವರ ಮೊಮ್ಮಗ ಅಲ್ಲ ಅನ್ನೋದು ಈ ಕಥೆ ಹೇಳುವಾಗ ನೆನಪಿರಬೇಕು.

ಅಪ್ಪನ ಪಾಸ್‌ವರ್ಡ್ ವಿಷಯಕ್ಕೆ ಬಂದರೆ, ತಪ್ಪು ನನ್ನದೇ. ಹಿಂದಿನ ಸಲ ಬಂದಾಗ ಬದಲಾಯಿಸಿದ್ದೆ, ಲ್ಯಾಪ್‌ಟಾಪ್ ಹಳೇದನ್ನೇ ನೆನಪಿಟ್ಟುಕೊಂಡು ಅದನ್ನೇ ಕೊಡ್ತಿತ್ತು. ವಿಂಡೋಸ್‌ನಲ್ಲಿ ಉಳಿದಿದ್ದ ಹಳೇ ಗುರುತು ಅಳಿಸಿ ಹೊಸದು ಹಾಕಿದೆ. ಫೋಲ್ಡರ್ ತೆರೀತು. "ಬಂತು ಬಂತು" ಅಂದರು ಅಪ್ಪ. ಅಷ್ಟರಲ್ಲಿ ಮೇಲೆ ಒಂದು ಕೆಂಪು ಸಾಲು ಕಾಣಿಸಿತು. ಎರಡು ಡಿಸ್ಕುಗಳಲ್ಲಿ ಒಂದು ಕೆಟ್ಟಿದೆ, ಬೇಗ ಬದಲಿಸಿ.

ನಾಲ್ಕನೇ ಪ್ರಶ್ನೆ ಇದೇ. ಜೀವ ಇದೆ, ದಾರಿ ಇದೆ, ಗುರುತೂ ಸಿಕ್ಕಿತು. ಉಗ್ರಾಣದ ಗತಿ ಏನು?

ಶಿವನಸಮುದ್ರದ ಎಂಜಿನಿಯರುಗಳಿಗೂ ಇದೇ ಎದುರಾಗಿತ್ತು. ಲೈನು ಸರಿ ಇದೆ, ಟರ್ಬೈನು ಸರಿ ಇದೆ, ಆದರೆ ಬೇಸಿಗೆಯಲ್ಲಿ ಹೊಳೆಯಲ್ಲೇ ನೀರು ಇಲ್ಲ. ಕಾವೇರಿ ಮಳೆಗಾಲದಲ್ಲಿ ಉಕ್ಕುತ್ತೆ, ಬೇಸಿಗೆಗೆ ಸೊರಗುತ್ತೆ. ಗಣಿಗೆ ಮಾತ್ರ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮ ಕರೆಂಟು ಬೇಕು, ಅದೂ ವರ್ಷದಿಂದ ವರ್ಷಕ್ಕೆ ಜಾಸ್ತಿ. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಉತ್ತರ ಸ್ಪಷ್ಟವಿತ್ತು. ನೀರು ಕೂಡಿಡಬೇಕು. ಕನ್ನಂಬಾಡಿ ಕಟ್ಟೆ ಅಂದ ತಕ್ಷಣ ನಮಗೆ ಮಂಡ್ಯದ ಕಬ್ಬು, ಭತ್ತ ನೆನಪಾಗುತ್ತೆ. ಆದರೆ ಆ ಕಟ್ಟೆಗೆ ಹಣ ಕೊಡಿ ಅಂತ ವಾದಿಸುವಾಗ ಬಲವಾಗಿ ಜೊತೆಗೆ ನಿಂತದ್ದು ಕೆಜಿಎಫ್‌ನ ಕರೆಂಟು ಬಿಲ್ಲು. 1911ರಲ್ಲಿ ಒಪ್ಪಿಗೆ ಸಿಕ್ಕಿ ಕೆಲಸ ಶುರುವಾಯಿತು. ಗಣಿಗೆ ಕೊಟ್ಟ ಮಾತಿನಂತೆ 1915ರ ಹೊತ್ತಿಗೆ ಮೊದಲ ಹಂತ ಮುಗಿಸಬೇಕು ಅಂತ ಮಲೇರಿಯಾ, ಪ್ರವಾಹ ಎಲ್ಲದರ ನಡುವೆ ಕಟ್ಟಿದರು.

ಇಲ್ಲೂ ಪರ್ಮಿಷನ್ ತಕರಾರು ಬಂತು. ಕೆಳಗಿನ ಮದರಾಸು ಸರ್ಕಾರ ಮೊದಲು ಒಪ್ಪಿದ್ದು 11 ಟಿಎಂಸಿ ಕೂಡಿಡೋಕೆ ಮಾತ್ರ. ಮೈಸೂರು ದೊಡ್ಡ ಕಟ್ಟೆಗೇ ಸಾಲುವ ಪಾಯ ಹಾಕಿತು. ಜಗಳ ಪಂಚಾಯ್ತಿಗೆ ಹೋಗಿ, 1914ರ ತೀರ್ಪು ದಾಟಿ, 1924ರ ಒಪ್ಪಂದದವರೆಗೆ ಎಳೀತು. ಇವತ್ತಿಗೂ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನಲ್ಲಿ ಬಂದ್ ಆದಾಗ ನಾವು ಮನೇಲಿ ಕೂತು ಕೆಲಸ ಮಾಡ್ತೀವಲ್ಲ, ಆ ಜಗಳದ ಒಂದು ಎಳೆ ಹಿಡಿದು ಹೋದರೆ ಈ ಗಣಿಗಳ ಬಾಯಿಗೇ ತಲುಪುತ್ತೆ. ಇನ್ನು ಕನ್ನಂಬಾಡಿ ಅನ್ನೋ ಊರು ಕಟ್ಟೆಗೆ ಹೆಸರು ಕೊಟ್ಟು ಅದೇ ನೀರಿನಡಿ ಮುಳುಗಿತು.

ಅಷ್ಟು ದೂರದಿಂದ ಬಂದ ಕರೆಂಟು ಕೆಜಿಎಫ್‌ನಲ್ಲಿ ಎಲ್ಲರ ಮನೆಗೂ ಹೋಯಿತಾ? ಮೊದಲು ಹೋಗಿದ್ದು ಯಂತ್ರಕ್ಕೆ, ಆಮೇಲೆ ಸಾಹೇಬರ ಬಂಗಲೆಗೆ. ಕೂಲಿ ಲೈನಿನ ತಟ್ಟಿ ಮನೆಗಳ ಸರದಿ ಬರೋಕೆ ಬಹಳ ಕಾಲ ಹಿಡೀತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು. 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಅವತ್ತು ತಂತಿ ಕಡಿದಿರಲಿಲ್ಲ, ಶಿವನಸಮುದ್ರ ನಿಂತಿರಲಿಲ್ಲ. ಒಂದು ಟನ್ ಅದಿರಿಗೆ ಸಿಗುವ ಚಿನ್ನ ಕಮ್ಮಿಯಾಗಿತ್ತು, ಅದನ್ನು ಎತ್ತುವ ಖರ್ಚು ಏರಿತ್ತು. ಅದಾದಮೇಲೆ ಮಾರಿಕುಪ್ಪಂ, ಬಂಗಾರಪೇಟೆಯ ಬೆಳಗಿನ ರೈಲುಗಳು ಇನ್ನಷ್ಟು ತುಂಬಿದವು. ಗಣಿಯಲ್ಲಿ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ದಿನಾ ಬೆಂಗಳೂರಿಗೆ ಬಂದು, ನಮ್ಮ ನಿಮ್ಮ ಆಫೀಸುಗಳಲ್ಲಿ ದುಡಿದು, ರಾತ್ರಿ ವಾಪಸ್ ಹೋಗ್ತಾರೆ. ಒಂದು ಕಾಲಕ್ಕೆ ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರು ಈಗ ಬೆಂಗಳೂರಿನ ಕೆಲಸ ನಂಬಿ ಬದುಕ್ತಿದೆ.

ಅವತ್ತು ಸಂಜೆ ಮಾಡಿದ ಮೊದಲ ಕೆಲಸ ಅಂದ್ರೆ 'ನಂದಿದುರ್ಗ' ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ ಬ್ಯಾಗಿಗೆ ಹಾಕಿಕೊಂಡದ್ದು. ನ್ಯಾಸ್‌ನಲ್ಲಿ ಎರಡು ಡಿಸ್ಕ್ ಇದ್ದರೆ ಬ್ಯಾಕಪ್ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಅಲ್ಲ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತೆ, ಅಷ್ಟೇ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಸುತ್ತೆ, ಸಿಡಿಲು ಬಡಿದರೆ ಎರಡೂ ಹೋಗುತ್ತೆ. ಇನ್ನೊಂದು ಕಾಪಿ ಇನ್ನೊಂದು ಊರಲ್ಲಿ ಇರಬೇಕು.

ಕಾಪಿ ಆಗೋವರೆಗೆ ಅಪ್ಪ ಒಂದೊಂದೇ ಫೋಟೋ ತೆಗೆಸಿ ನೋಡಿದರು. ಗಣಿ ಬಾಯಿಯ ಮುಂದೆ ಹೆಲ್ಮೆಟ್ ಹಾಕಿ ನಿಂತ ಒಂಬತ್ತು ಜನರ ಫೋಟೋ. "ಇವ್ರು ನಮ್ಮನೆಗೆ ದೀಪಾವಳಿಗೆ ಬರೋರು, ಇವ್ರು ಬಂಡೆ ಸಿಡಿದಾಗ ಹೋದ್ರು" ಅಂತ ಬೆರಳಿಟ್ಟು ಹೇಳ್ತಾ ಹೋದರು. ಆ ಫೈಲಿನ ಹೆಸರು ಬರೀ 'ಸ್ಕ್ಯಾನ್ 041' ಅಂತಿತ್ತು. ಒಂಬತ್ತರಲ್ಲಿ ಆರು ಹೆಸರು ಅಪ್ಪನಿಗೆ ನೆನಪಿತ್ತು, ಬರೆದುಕೊಂಡೆ. ಉಳಿದ ಮೂರಕ್ಕೆ ಆಂಡರ್ಸನ್‌ಪೇಟೆಯಲ್ಲಿರುವ ಅವರ ಹಳೇ ಸ್ನೇಹಿತರೊಬ್ಬರನ್ನು ಕೇಳಬೇಕಂತೆ. ಮುಂದಿನ ಭಾನುವಾರ ಹೋಗ್ತಿದ್ದೀವಿ.