ಹೊಲಿದ ದೋಣಿ

ಸಂಸಾರವನ್ನು ಸಾಗರಕ್ಕೂ ದೇಹವನ್ನು ದೋಣಿಗೂ ಹೋಲಿಸುವುದು ನಮ್ಮ ಕವಿಗಳಿಗೆ ಬಹಳ ಹಳೆಯ ರೂಢಿ. ಕನ್ನಡದಲ್ಲಿಯಂತೂ ಅಂಬಿಗನೇ ವಚನಕಾರನಾದುದುಂಟು; ಹನ್ನೆರಡನೆಯ ಶತಮಾನದ ಚೌಡಯ್ಯನದು ದೋಣಿ ನಡೆಸುವ ಕಾಯಕ. ಆದರೆ ದೋಣಿಯನ್ನು ನಡೆಸುವವನಿಗೆ ದೊರೆತ ಗೌರವ ಅದನ್ನು ಕಟ್ಟುವವನಿಗೆ ದೊರೆತಂತೆ ಕಾಣದು. ಮರಗೆಲಸವನ್ನರಿಯದ, ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇಂದು ಆ ಕಟ್ಟುವವನನ್ನು ಕುರಿತು ಕೆಲವು ಮಾತುಗಳನ್ನಾಡಬಯಸುತ್ತೇನೆ. ಅವನು ವೃತ್ತಿಯ ಬಡಗಿಯಲ್ಲ; ಬಿಡುವಿನ ವೇಳೆಯಲ್ಲಿ, ಮನೆಯ ಹಿತ್ತಿಲಲ್ಲಿ, ಅಲ್ಪ ವೆಚ್ಚದಲ್ಲಿ ತನಗೊಂದು ದೋಣಿಯನ್ನು ಕಟ್ಟಿಕೊಂಡ ಸಾಮಾನ್ಯ ಮನುಷ್ಯ.

ಬ್ರಿಟನ್ನು ಸಮುದ್ರ ಸುತ್ತುವರಿದ ದ್ವೀಪ. ಆದರೂ ಅಲ್ಲಿ ವಿನೋದಕ್ಕಾಗಿ ಹಾಯಿದೋಣಿ ನಡೆಸುವುದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. 1815ರಲ್ಲಿ ಹುಟ್ಟಿ, ಮುಂದೆ ರಾಯಲ್ ಯಾಟ್ ಸ್ಕ್ವಾಡ್ರನ್ ಎಂದು ಹೆಸರಾದ ಸಂಘ ಶ್ರೀಮಂತ ಕುಲೀನರದು. ಮರದ ಬೆಲೆಯೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಅಲ್ಲಿಯ ಕ್ರಮದಲ್ಲಿ ಬೆನ್ನುಮೂಳೆಯಂತಹ ಅಡಿಮರವನ್ನಿಟ್ಟು, ಪಕ್ಕೆಲುಬುಗಳಂತೆ ಬಾಗಿದ ಮರಗಳನ್ನು ನಿಲ್ಲಿಸಿ, ಹಬೆಯಲ್ಲಿ ಮೆತ್ತಗಾಗಿಸಿದ ಹಲಗೆಗಳನ್ನು ಅವುಗಳ ಮೇಲೆ ಬಗ್ಗಿಸಿ ಕೂರಿಸಬೇಕಾಗಿತ್ತು. ವರ್ಷಗಟ್ಟಲೆ ಗುರುವಿನ ಬಳಿ ದುಡಿದವನಿಗೆ ಮಾತ್ರ ಸಿದ್ಧಿಸುವ ವಿದ್ಯೆ ಅದು.

ಎರಡನೆಯ ಮಹಾಯುದ್ಧದ ತರುವಾಯ ನೀರಿಗೆ ಬಿಡದ ಅಂಟಿನ ಪ್ಲೈವುಡ್ ಹಲಗೆಯೂ ಗಾಜಿನ ನಾರಿನ ಪಟ್ಟಿಯೂ ಜನರ ಕೈಗೆ ಬಂದವು. ಇವೆರಡನ್ನೂ ಕೂಡಿಸಿ, ಹಲಗೆಗಳನ್ನು ತಂತಿಯಿಂದ ಹೊಲಿದು ಅಂಟಿಸುವ ಉಪಾಯವನ್ನು ಕೆನ್ ಲಿಟಲ್‌ಡೈಕ್ ಎಂಬಾತ ಸಣ್ಣ ಕ್ಯಾನೂ ದೋಣಿಗಳಲ್ಲಿ ಬಳಕೆಗೆ ತಂದ. ಪಂದ್ಯದ ದೋಣಿಗಳನ್ನು ರೂಪಿಸುತ್ತಿದ್ದ ಜ್ಯಾಕ್ ಹೋಲ್ಟ್, ದೂರದರ್ಶನದಲ್ಲಿ ಮನೆಗೆಲಸದ ರಿಪೇರಿಗಳನ್ನು ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಇಬ್ಬರೂ ಸೇರಿ ಅದೇ ಉಪಾಯದಿಂದ ಪುಟ್ಟ ಹಾಯಿದೋಣಿಯೊಂದನ್ನು ರಚಿಸಿದರು. ಕಾರ್ಮಿಕರು ಹೆಚ್ಚಾಗಿ ಓದುತ್ತಿದ್ದ ‘ಡೈಲಿ ಮಿರರ್’ ಪತ್ರಿಕೆ ಅದಕ್ಕೆ ಬೆಂಬಲವಾಗಿ ನಿಂತಿತು. 1963ರಲ್ಲಿ ‘ಮಿರರ್’ ಎಂಬ ಹೆಸರಿನಲ್ಲಿಯೇ ಅದು ಹೊರಬಂತು. ಉದ್ದ 10 ಅಡಿ 10 ಅಂಗುಲ, ತೂಕ ಸುಮಾರು 45 ಕಿಲೋ, ಹಾಯಿ ಕೆಂಪು. ಕತ್ತರಿಸಿದ ಹಲಗೆಗಳು, ಹಾಯಿ, ಸೂಚನೆಗಳ ಪುಸ್ತಿಕೆ ಎಲ್ಲ ಸೇರಿದ ಕಟ್ಟಿನ ಬೆಲೆ 63 ಪೌಂಡು 11 ಶಿಲಿಂಗು. ಅಂದಿನ ಕಾರ್ಮಿಕನೊಬ್ಬನ ಸುಮಾರು ನಾಲ್ಕು ವಾರಗಳ ಸಂಬಳ.

ಕಟ್ಟುವ ಬಗೆಯನ್ನು ದರ್ಜಿಯ ಕೆಲಸಕ್ಕೆ ಹೋಲಿಸಿದರೆ ತಿಳಿಯುತ್ತದೆ. ದರ್ಜಿ ಚಪ್ಪಟೆಯ ಬಟ್ಟೆಯನ್ನು ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಅದು ತಾನಾಗಿ ಭುಜದ ದುಂಡನ್ನು ಪಡೆಯುತ್ತದೆಯಲ್ಲವೆ? ಇಲ್ಲಿಯೂ ಹಾಗೆಯೆ. ಹಲಗೆಗಳ ಅಂಚಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ತಾಮ್ರದ ತಂತಿಯಿಂದ ಬಿಗಿದರೆ ಚಪ್ಪಟೆಯ ಮರ ತಾನಾಗಿ ಬಾಗಿ ದೋಣಿಯ ಆಕಾರಕ್ಕೆ ಬರುತ್ತದೆ. ಸಂದುಗಳ ಮೇಲೆ ರಾಳದಲ್ಲಿ ತೊಯ್ದ ಗಾಜಿನ ನಾರಿನ ಪಟ್ಟಿಯನ್ನು ಅಂಟಿಸಿ, ಹೊರಗೆ ಚಾಚಿದ ತಂತಿಯನ್ನು ಕತ್ತರಿಸಿಬಿಟ್ಟರೆ ಮುಗಿಯಿತು. ಹೀಗೆ 70,000ಕ್ಕೂ ಹೆಚ್ಚು ಮಿರರ್ ದೋಣಿಗಳು ಹುಟ್ಟಿಕೊಂಡವು. 1997ರಲ್ಲಿ ಎ. ಜೆ. ಮೆಕಿನನ್ ಎಂಬ ಶಾಲಾ ಉಪಾಧ್ಯಾಯ ಇಂತಹುದೊಂದು ದೋಣಿಯನ್ನೇರಿ ಇಂಗ್ಲೆಂಡಿನ ಶ್ರಾಪ್‌ಶೈರಿನಿಂದ ಹೊರಟು, ಕಾಲುವೆ ನದಿಗಳನ್ನು ಹಿಡಿದು ಕಪ್ಪು ಸಮುದ್ರದವರೆಗೆ ಹೋದ. ಆ ಪ್ರವಾಸವನ್ನು ಗ್ರಂಥವಾಗಿಯೂ ಬರೆದ.

ಈ ಹೊಲಿಗೆಯ ವಿಷಯವನ್ನೋದಿದಾಗ ನನ್ನ ಮನಸ್ಸು ನಮ್ಮ ಪಡುಗಡಲಿನತ್ತ ಹರಿಯಿತು. ಹದಿಮೂರನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಹೊರ್ಮುಜಿನ ಬಂದರಿನಲ್ಲಿ, ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಕಂಡು ಅವುಗಳನ್ನು ಹಳಿದ. ಮರುಶತಮಾನದ ಇಬ್ನ್ ಬತೂತನ ದೃಷ್ಟಿ ಬೇರೆ: ಬಂಡೆಗೆ ತಾಗಿದಾಗ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ಅವನು ತಿಳಿಸುತ್ತಾನೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವಾದರೂ ಸಮುದ್ರದ ನಾವೆಗೆ ಕಬ್ಬಿಣ ಸಲ್ಲದೆನ್ನುತ್ತದೆ, ನೀರಿನೊಳಗಿನ ಅಯಸ್ಕಾಂತ ಎಳೆದುಕೊಂಡೀತೆಂಬುದು ಅದರ ಭಯ. ಕೇರಳ, ಕನ್ನಡ, ಗೋವೆಗಳ ಕರಾವಳಿಯಲ್ಲಿ ಕತ್ತದ ಹಗ್ಗದಿಂದ ದೋಣಿ ಹೊಲಿಯುವ ಪದ್ಧತಿ ಶತಮಾನಗಳ ಕಾಲ ನಡೆದುಬಂತು.

ಈ ಎರಡು ಹೊಲಿಗೆಗಳಿಗೆ ವಂಶಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಅಲ್ಲಿ ತಂತಿ ಅಂಟು ಒಣಗುವವರೆಗಿನ ಆಸರೆ. ಇಲ್ಲಿ ಹಗ್ಗವೇ ದೋಣಿಯ ಪ್ರಾಣ. ಆದರೆ ಎರಡರಲ್ಲಿಯೂ ಮೈ ಮೊದಲು, ಎಲುಬು ಆಮೇಲೆ. ಗಮನಿಸಬೇಕಾದ ಭೇದ ಇನ್ನೊಂದಿದೆ. ಅಲ್ಲಿಯ ವಿದ್ಯೆ ಪುಸ್ತಿಕೆಯಾಗಿ ಅಂಚೆಯ ಮೂಲಕ ಮನೆಮನೆಗೆ ಹೋಯಿತು. ಗುಮಾಸ್ತನೂ ಮೇಷ್ಟರೂ ಅದನ್ನು ಹವ್ಯಾಸವಾಗಿ ಕಲಿತರು. ನಮ್ಮದು ಕೆಲವೇ ಮನೆತನಗಳ ಕೈಗಳಲ್ಲಿ ಕಸುಬಾಗಿ ಉಳಿಯಿತು. ಮೊಳೆಯ ದೋಣಿ, ಫೈಬರ್ ದೋಣಿಗಳು ಬಂದು ಕಸುಬು ತಗ್ಗಿದಾಗ ವಿದ್ಯೆಯೂ ತಗ್ಗಿತು. ಹೊಟ್ಟೆಪಾಡಿನ ಆಸರೆ ತಪ್ಪಿದ ವಿದ್ಯೆಗೆ ಪ್ರೀತಿಯ ಆಸರೆಯಾದರೂ ಬೇಕು. ಹವ್ಯಾಸವೆಂದರೆ ಆ ಪ್ರೀತಿ.

ಅಜಂತಾದ ಐದನೆಯ ಶತಮಾನದ ಭಿತ್ತಿಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ ಹೊಲಿಗೆಯ ಹಡಗು ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು ಮರು ತಿಂಗಳು ಮಸ್ಕತ್ತನ್ನು ಮುಟ್ಟಿತು. ಅದಕ್ಕೆ ಪುರಾತನ ನಕ್ಷೆಯಾವುದೂ ಇರಲಿಲ್ಲ. ಕೇರಳದ ಬಾಬು ಶಂಕರನ್ ಮತ್ತು ಅವರ ಸಂಗಡಿಗರ ಕೈಗಳಲ್ಲಿ ಹೊಲಿಗೆ ಇನ್ನೂ ಉಳಿದಿದ್ದುದರಿಂದ ಅದು ಸಾಧ್ಯವಾಯಿತು. ಹಡಗು ಒಂದು ಸಾಕು, ಆದರೆ ಕೈಗಳು ಅನೇಕ ಬೇಕು. ನಮ್ಮ ಕರಾವಳಿಯ ಶಾಲೆ ಕಾಲೇಜುಗಳ ಮಕ್ಕಳು ಬಲ್ಲವರನ್ನು ಕರೆದು ಕೂರಿಸಿಕೊಂಡು, ವರ್ಷಕ್ಕೊಂದು ಪುಟ್ಟ ದೋಣಿಯನ್ನು ತಾವೇ ಹೊಲಿದು ನೀರಿಗಿಳಿಸಲಿ. ಹೊಲಿದ ಬಗೆಯನ್ನು ಕನ್ನಡದಲ್ಲಿ ಬರೆದಿಡಲಿ. ಅದಕ್ಕೆ ಬೇಕಾದ ಹಲಗೆಯೂ ಹಗ್ಗವೂ ನಮ್ಮ ಊರುಗಳಲ್ಲಿಯೇ ಇವೆ.