ಮಣ್ಣಿನಿಂದ ಬಂದ ಮೊಡವೆ ಮಾತ್ರೆ

ಹರೆಯದ ಮುಖವನ್ನು ಕಾಡುವ ಮೊಡವೆಗೆ ವೈದ್ಯರು ನುಂಗಲು ಕೊಡುವ ಮಾತ್ರೆಯ ಮೂಲ ಹೊಲದ ಮಣ್ಣು ಎಂದರೆ ಅಚ್ಚರಿಯಾದೀತು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್, ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಪಡೆದರು. ಆಗ ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಅದು. 1950ರ ದಶಕದಲ್ಲಿ ಈ ಗುಂಪು ಮೊಡವೆ ಚಿಕಿತ್ಸೆಗೂ ಬಂತು. 1967ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಸೈಕ್ಲಿನ್ ಇಂದು ಹೆಚ್ಚು ಬಳಕೆಯಲ್ಲಿದೆ.

ಇದರಿಂದ ಲಾಭವಿದೆ. ರೋಗಾಣುವನ್ನು ತಡೆಯುವುದರ ಜೊತೆಗೆ ಉರಿಯೂತವೂ ಇಳಿಯುತ್ತದೆ. ಕೆಂಪಗೆ ಊದಿ ಕೀವು ತುಂಬಿದ ಮೊಡವೆಗಳು ಕೆಲವು ವಾರಗಳಲ್ಲಿ ತಗ್ಗುತ್ತವೆ.

ಅಡ್ಡಪರಿಣಾಮಗಳೂ ಇವೆ. ಹೊಟ್ಟೆ ತೊಳಸುತ್ತದೆ. ಸಾಕಷ್ಟು ನೀರು ಕುಡಿಯದೆ ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮಳೆ ಕಡಿಮೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ, ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ಗರ್ಭಿಣಿಯರಿಗೆ ಈ ಮಾತ್ರೆ ಸಲ್ಲದು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಹಿಂದೆ ಈ ಮಾತ್ರೆಯನ್ನು ವರ್ಷಗಟ್ಟಲೆ ಕೊಡುವ ರೂಢಿಯಿತ್ತು. ಕ್ರಮೇಣ ಔಷಧಕ್ಕೆ ಬಗ್ಗದ ರೋಗಾಣುಗಳು ಚರ್ಮದ ಮೇಲೆ ಕಾಣಿಸಿಕೊಂಡವು. ಆದ್ದರಿಂದಲೇ ಮಾತ್ರೆಯೊಂದನ್ನೇ ನಂಬದೆ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮಿನೊಂದಿಗೆ, ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಿಗೆ ಮೀರದಂತೆ ಕೊಡಬೇಕೆಂಬುದು ಇಂದಿನ ತಜ್ಞರ ಸಲಹೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವುದು ತರವಲ್ಲ.

ಇಲಿಜ್ವರ, ಸ್ಕ್ರಬ್ ಟೈಫಸ್‌ನಂಥ ಕಾಯಿಲೆಗಳಲ್ಲಿ ಜೀವ ಉಳಿಸುವುದೂ ಇದೇ ಡಾಕ್ಸಿಸೈಕ್ಲಿನ್. ಮೊಡವೆ ಸಾಮಾನ್ಯವಾಗಿ ವಯಸ್ಸಿನೊಂದಿಗೆ ಮಾಯುತ್ತದೆ. ಮೊಂಡಾದ ಔಷಧ ಮತ್ತೆ ಹರಿತವಾಗುವುದು ಸುಲಭವಲ್ಲ.