ಪಂಚಾಂಗಕ್ಕೆ ಸಿಗದ ಚಳಿಗಾಲ: ಕರ್ನಾಟಕದ ಪರ್ವತಾರೋಹಿಗಳು ಮತ್ತು ಹಿಮದ ಅಪಾಯ

ಬಳ್ಳಾರಿ ಸೀಮೆಯಲ್ಲಿ ಗುಡ್ಡ ಹತ್ತಲು ಹದವಾದ ಕಾಲವೆಂದರೆ ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯೊಳಗೆ. ಕೊಳಗಲ್ಲಿನ ಬಂಡೆಗಳು ಏಪ್ರಿಲ್‌ನಲ್ಲಿ ಕಾದ ಹೆಂಚಾಗಿರುತ್ತವೆ, ಮಳೆ ಬಿದ್ದರೆ ಜಾರುತ್ತವೆ. ಡಿಸೆಂಬರ್‌ನಲ್ಲಿ ಕಲ್ಲು ಒಣಗಿರುತ್ತದೆ, ಬೆರಳು ಬೆವರುವುದಿಲ್ಲ, ಹಿಡಿತ ನಿಲ್ಲುತ್ತದೆ. ಹಂಪಿ, ಆನೆಗೊಂದಿಯ ಬಂಡೆ ಹತ್ತುವವರು ದೇಶವಿದೇಶಗಳಿಂದ ಬಂದಿಳಿಯುವುದೂ ಇದೇ ತಿಂಗಳುಗಳಲ್ಲಿ. ಈ ನೆಲದಲ್ಲಿ ಬಂಡೆ ಹತ್ತುವುದು ಹೊಸ ಹವ್ಯಾಸವೇನೂ ಅಲ್ಲ. ಸಂಗನಕಲ್ಲು–ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿದ ಚಿತ್ರಗಳಲ್ಲಿ ಕೆಲವು ಸುಲಭವಾಗಿ ಕೈಗೆಟುಕದ ಎಡೆಗಳಲ್ಲಿವೆ. ಅವನ್ನು ಕುಟ್ಟಿದವರು ಎಲ್ಲಿ ಕಾಲೂರಿದ್ದರೆಂದು ನೋಡುವವರಿಗೆ ಇಂದಿಗೂ ಬೆರಗು.

ಚಳಿಗಾಲವೆಂದರೆ ಹತ್ತುವ ಕಾಲ ಎಂಬ ಈ ಅನುಭವ ದಖ್ಖನಿನಲ್ಲಿ ನಿಜ. ಅದೇ ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡು ಹಿಮಾಲಯಕ್ಕೆ ಹೋದಾಗ ತೊಡಕು ಶುರುವಾಗುತ್ತದೆ. ಪರ್ವತದ ಚಳಿಗಾಲವನ್ನು ತಿಂಗಳಿನಿಂದ ಗುರುತಿಸುವುದೇ ಮೊದಲ ಅಪಾಯ ಎಂಬುದು ಈ ಲೇಖನದ ವಾದ. ಎತ್ತರ, ಗಾಳಿ, ತೇವ, ಆಸರೆಗಿರುವ ದೂರ ಇವು ನಾಲ್ಕೂ ಸೇರಿದಲ್ಲಿ ಜೂನ್‌ನಲ್ಲೂ ಚಳಿಗಾಲವೇ.

ಚಳಿಗಾಲ ಎಂದಿನಿಂದ ಎಂದಿನವರೆಗೆ ಎಂಬ ಬಗ್ಗೆ ಪರ್ವತಾರೋಹಿಗಳ ನಡುವೆಯೇ ಒಮ್ಮತವಿಲ್ಲ. 1980ರ ಫೆಬ್ರುವರಿ 17ರಂದು ಪೋಲೆಂಡಿನ ಕ್ಶಿಶ್ತೋಫ್ ವಿಯೆಲಿಟ್ಸ್ಕಿ ಮತ್ತು ಲೆಶೆಕ್ ಚಿಹಿ ಚಳಿಗಾಲದಲ್ಲಿ ಎವರೆಸ್ಟ್ ಏರಿದ ಮೊದಲಿಗರಾದರು. ನೇಪಾಳ ಕೊಟ್ಟಿದ್ದ ಅನುಮತಿಯ ಗಡುವು ಅಷ್ಟರಲ್ಲಿ ಮುಗಿದು, ಎರಡು ದಿನ ವಿಸ್ತರಣೆಯಾಗಿತ್ತು. ಡಿಸೆಂಬರ್ 21ರಿಂದ ಮಾರ್ಚ್ 20ರವರೆಗೆ ಚಳಿಗಾಲ ಎನ್ನುವುದು ಒಂದು ಪಕ್ಷ. ಫೆಬ್ರುವರಿ ಕೊನೆಗೇ ಅದು ಮುಗಿಯುತ್ತದೆ ಎಂಬುದು ಪರ್ವತಾರೋಹಿ ಡೆನಿಸ್ ಉರುಬ್ಕೊ ಅವರ ಹಟ. ದಾಖಲೆ ಪುಸ್ತಕಕ್ಕೆ ಈ ಜಗಳ ಬೇಕು. ಹಗ್ಗದ ತುದಿಯಲ್ಲಿರುವವರಿಗೆ ಇದರಿಂದ ಏನೂ ಸಿಗದು.

ಚಳಿಗಾಲದ ನಿಜವಾದ ಅಪಾಯಗಳಲ್ಲಿ ಕಡಿಮೆ ಚರ್ಚೆಯಾಗಿರುವುದು ಗಾಳಿಯ ಒತ್ತಡ. 1981ರ ಅಕ್ಟೋಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧನಾ ತಂಡ ಎವರೆಸ್ಟ್ ತುದಿಯಲ್ಲಿ ಅಳೆದಾಗ ಅದು 253 ಮಿ.ಮೀ. ಪಾದರಸದಷ್ಟಿತ್ತು, ಸಮುದ್ರಮಟ್ಟದಲ್ಲಿರುವುದು 760. ನಡುಚಳಿಯಲ್ಲಿ ಈ ಒತ್ತಡ ಇನ್ನೂ ಇಳಿಯುತ್ತದೆ. ಶಿಖರದ ಎತ್ತರ ಬದಲಾಗದಿದ್ದರೂ ಜನವರಿಯಲ್ಲಿ ಶ್ವಾಸಕೋಶಕ್ಕೆ ಅದು ಮೇ ತಿಂಗಳಿಗಿಂತ ಎತ್ತರವಾಗಿಯೇ ತೋರುತ್ತದೆ. ಆಮ್ಲಜನಕ ಸಾಲದ ದೇಹ ಶಾಖವನ್ನೂ ಸಾಕಷ್ಟು ಹುಟ್ಟಿಸಲಾರದು. ಇದರ ಮೇಲೆ ಗಾಳಿಯ ಹೊಡೆತ: ಮೈನಸ್ 10 ಡಿಗ್ರಿ ಇರುವಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಬರಿಮೈಗೆ ತಟ್ಟುವುದು ಮೈನಸ್ 21ರ ಚಳಿ. ಬಟ್ಟೆ ನೆನೆದಿದ್ದರೆ ಲೆಕ್ಕವೇ ಬೇರೆ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ನಡುಕ, ಆಮೇಲೆ ತೊದಲು ಮಾತು, ತಪ್ಪು ಹೆಜ್ಜೆ. ಮುಂದೆ ನಡುಕವೇ ನಿಂತುಬಿಡುತ್ತದೆ. ಜೊತೆಗಿರುವವರು ಅದನ್ನು ಚೇತರಿಕೆ ಎಂದುಕೊಳ್ಳುವುದೂ ಉಂಟು.

ಸಹಸ್ರತಾಲ್ ದುರಂತವನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ಚಾರಣ ತಂಡ 2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದತ್ತ ಹೊರಟಿತು. ಎತ್ತರ 4,400 ಮೀಟರ್ ಆಸುಪಾಸು, ಅಂದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 58ರಷ್ಟು. ಜೂನ್ 4ರಂದು ಸರೋವರ ನೋಡಿ ಶಿಬಿರಕ್ಕೆ ಮರಳುವಾಗ ಹಿಮಗಾಳಿ ಎದ್ದಿತು. ದಾರಿ ಕಾಣದೆ ತಂಡ ಬಯಲಲ್ಲೇ ಸಿಕ್ಕಿಬಿದ್ದಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದ 13 ಮಂದಿಯನ್ನು ಪಾರುಮಾಡಲು ವಾಯುಪಡೆ ಮತ್ತು ಉತ್ತರಾಖಂಡದ ವಿಪತ್ತು ಸ್ಪಂದನ ಪಡೆ ಶ್ರಮಿಸಿದವು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತರು. ಆಗ ಬಯಲುನಾಡಿನ ಪತ್ರಿಕೆಗಳಲ್ಲಿ ಬಿಸಿಲಲೆಯ ಸುದ್ದಿ ಇನ್ನೂ ಆರಿರಲಿಲ್ಲ. ಯಾರೂ ಕಂದಕಕ್ಕೆ ಉರುಳಲಿಲ್ಲ, ಹಿಮರಾಶಿಯಡಿ ಹೂತುಹೋಗಲಿಲ್ಲ. ಪ್ರಾಣ ತೆಗೆದದ್ದು ತೇವ, ಗಾಳಿ ಮತ್ತು ಕಾಯುತ್ತ ಕಳೆದ ಗಂಟೆಗಳು. ಪಂಚಾಂಗದಲ್ಲಿ ಅದು ಬೇಸಿಗೆ; ಸತ್ತ ಬಗೆ ಮಾತ್ರ ಪೂರ್ತಿ ಚಳಿಗಾಲದ್ದು. ಈ ಘಟನೆಯನ್ನು 'ಪ್ರಕೃತಿ ವಿಕೋಪ' ಎಂಬ ಒಂದೇ ಪದದಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಒಬ್ಬರ ತಲೆಗೆ ಕಟ್ಟುವುದೂ ಅಷ್ಟೇ ಸುಲಭದ ದಾರಿ.

ಹಿಮಕುಸಿತದ ಬಗೆ ಬೇರೆ. ಹಗಲಿರುಳಿನ ಕಡುಚಳಿಯಲ್ಲಿ ತೆಳುವಾದ ಹಿಮದ ಹಾಸಿನ ಬುಡದಲ್ಲಿ ಹರಳುಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಮೇಲೆ ಹೊಸ ಹಿಮ ಗಟ್ಟಿ ಹಲಗೆಯಾಗಿ ಕೂರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರ ಬಿದ್ದರೂ ಹಲಗೆ ಕಳಚಬಹುದು. ಪ್ರಾಣಹಾನಿಯಾದ ಹೆಚ್ಚಿನ ಪ್ರಕರಣಗಳಲ್ಲಿ ಅದನ್ನು ಕಳಚಿದವರು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸ್ವಿಸ್ ಅಂಕಿಅಂಶಗಳ ಅಧ್ಯಯನದ ಪ್ರಕಾರ, ಹೂತುಹೋದವರು 15 ನಿಮಿಷದಲ್ಲಿ ಬದುಕಿರುವ ಸಾಧ್ಯತೆ ಶೇ 92, 35 ನಿಮಿಷಕ್ಕೆ ಶೇ 30. ಅಂದರೆ ಹೊರಗಿನ ನೆರವು ಬರುವ ಹೊತ್ತಿಗೆ ಕಥೆ ಬಹುಪಾಲು ಮುಗಿದಿರುತ್ತದೆ. ಪಕ್ಕದಲ್ಲಿದ್ದವರು ಅಗೆದರಷ್ಟೇ ಉಂಟು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ ಹಿಮಕುಸಿತಕ್ಕೆ ಸಿಕ್ಕಿ, 27 ಶವಗಳು ಆ ತಿಂಗಳಲ್ಲೇ ದೊರೆತವು. ಮೃತರಲ್ಲಿ ಕರ್ನಾಟಕದವರೂ ಇದ್ದರು. ಹಗ್ಗ, ಬೋಧಕರು, ಸಲಕರಣೆ ಎಲ್ಲವೂ ಇದ್ದ ತಂಡವದು.

ಹೂತವರು ಬದುಕುಳಿಯುವ ನಿಮಿಷಗಳ ಲೆಕ್ಕಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಪ್ರಕರಣ ಧಾರವಾಡ ಜಿಲ್ಲೆಯ ಯೋಧರೊಬ್ಬರದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ನೆಲೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹಿಮದಡಿ ಸಿಲುಕಿದರು. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 8ರ ರಾತ್ರಿ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರು ಹೂತುಹೋದದ್ದು ಡೇರೆಯೊಳಗೆ. ಮುಖದ ಬಳಿ ಉಸಿರಾಡಲು ಗಾಳಿ ಉಳಿದರೆ ಕಾಲದ ಮಿತಿ ಹಿಗ್ಗುತ್ತದೆ ಎಂದು ಹಿಮಕುಸಿತದ ಅಧ್ಯಯನಗಳೂ ಹೇಳುತ್ತವೆ. ಹಾಗಾಗಿ ಅವರ ಉಳಿವು ಆ ಲೆಕ್ಕವನ್ನು ಸುಳ್ಳು ಮಾಡುವುದಿಲ್ಲ. ಬಯಲಲ್ಲಿ ನಡೆಯುವಾಗ ಹೂತುಹೋಗುವ ಆರೋಹಿಗೆ ಅಂಥ ಆಸರೆ ಇರುವುದಿಲ್ಲ. ಆದೇಶದ ಮೇರೆಗೆ ಅಲ್ಲಿದ್ದ ಯೋಧರನ್ನು ಹವ್ಯಾಸಕ್ಕೆ ಹೋಗುವವರ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದೂ ಸರಿಯಲ್ಲ. ಇಲ್ಲಿ ಆ ಪ್ರಕರಣ ಬಂದದ್ದು ಶರೀರಶಾಸ್ತ್ರದ ಕಾರಣಕ್ಕೆ ಮಾತ್ರ.

ನಮ್ಮ ತರಬೇತಿಯ ಪ್ರಶ್ನೆ ಉಳಿಯಿತು. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯೂ ಹವ್ಯಾಸಿ ಕ್ಲಬ್ಬುಗಳೂ ಬಾದಾಮಿ, ರಾಮನಗರದ ಬಂಡೆಗಳ ಮೇಲೆ ಒಳ್ಳೆಯ ಆರೋಹಿಗಳನ್ನು ಬೆಳೆಸಿವೆ. ಬಂಡೆಯ ಅಪಾಯ ಕಣ್ಣಿಗೆ ಕಾಣುವಂಥದ್ದು, ಕೈಗೆ ತಿಳಿಯುವಂಥದ್ದು: ಬಿರುಕು, ಸಡಿಲ ಚಕ್ಕೆ, ಜೇನುಗೂಡು, ದರೋಜಿ ಕಡೆಯಾದರೆ ಕರಡಿ. ಹಿಮದ ಪದರದೊಳಗಿನ ದುರ್ಬಲ ಹಾಸನ್ನು ಓದಲು ಬಳ್ಳಾರಿಯ ಕಲ್ಲು ಕಲಿಸಲಾರದು. ಅದಕ್ಕೆ ಉತ್ತರಕಾಶಿ, ಮನಾಲಿಗೇ ಹೋಗಬೇಕು. ಆದರೆ ಗೊತ್ತುಮಾಡಿದ ಹೊತ್ತಿಗೆ ತುದಿ ಮುಟ್ಟದಿದ್ದರೆ ಹಿಂದಿರುಗುವುದು, ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಲೆಕ್ಕದಲ್ಲೇ ವೇಳೆ ಹಾಕುವುದು, ನೆನೆದ ಬಟ್ಟೆಯನ್ನು ಕೂಡಲೇ ಬದಲಿಸುವುದು, ಒಂದು ರಾತ್ರಿ ಹೊರಗೆ ಕಳೆಯುವಷ್ಟು ಸಾಮಾನನ್ನು ಅರ್ಧ ದಿನದ ನಡಿಗೆಗೂ ಒಯ್ಯುವುದು, ಇವನ್ನು ಕೊಳಗಲ್ಲಿನ ಗುಡ್ಡದಲ್ಲೇ, ಡಿಸೆಂಬರ್‌ನ ಹಿತವಾದ ಬಿಸಿಲಲ್ಲೇ ರೂಢಿಸಬಹುದು. ಶಿಬಿರಗಳ ಅರ್ಜಿ ನಮೂನೆಯಲ್ಲಿ ಏರಿದ ಶಿಖರಗಳ ಪಟ್ಟಿ ಕೇಳುವ ಜಾಗದ ಪಕ್ಕದಲ್ಲಿ, ಅರ್ಧಕ್ಕೆ ಬಿಟ್ಟು ಬಂದವುಗಳಿಗೂ ಅವುಗಳ ಕಾರಣಕ್ಕೂ ಒಂದು ಅಂಕಣ ತೆರೆದರೆ ಆಯ್ಕೆ ಮಾಡುವವರಿಗೆ ಹೆಚ್ಚು ಕೆಲಸಕ್ಕೆ ಬರುವ ಮಾಹಿತಿ ಸಿಗುತ್ತದೆ.